ನಾಲ್ಕು ಕೋಳಿ, ಮೇಲೊಂದು ಮೊಟ್ಟೆ

ನಿರಂಜನನ ಅನಾಹುತ ಶುರುವಾದದ್ದು ಒಂದು ಕೆಂಚು ಹೇಂಟೆಯಿಂದ.

ಮಲ್ಲಂದೂರಿನ ಎಸ್ಟೇಟಿನಲ್ಲಿ ಅವನು ಲೆಕ್ಕ ಬರೆಯುವ ರೈಟರು. ಆ ಭಾನುವಾರ ಆಲ್ದೂರಿನ ಗುರುವಯ್ಯನವರು ಊಟಕ್ಕೆ ಬರುವವರಿದ್ದರು, ಮಗಳು ಮಾಲವಿಕಾಳನ್ನು ಕೊಡುವ ಮನೆ ಹೇಗಿದೆಯೆಂದು ನೋಡಲು. ಮಾಲವಿಕಾಳನ್ನು ಬಸ್ಸಿನಲ್ಲಿ ಒಮ್ಮೆ ಕಂಡಾಗಿನಿಂದ ನಿರಂಜನನಿಗೆ ಅನ್ನ ಸೇರುತ್ತಿರಲಿಲ್ಲ.

"ಮೇಸ್ತ್ರಿ ಬೊಮ್ಮಯ್ಯನ ಮನೆಯಿಂದ ಕೋಳಿ ತಗೊಂಡು ನೆಟ್ಟಗೆ ಬಾ," ಎಂದು ತಾಯಿ ಸರೋಜಮ್ಮ ಕಳಿಸಿದ್ದರು. ಕೆಂಚು ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡು ನೆಟ್ಟಗೆ ಬರುವ ದಾರಿಯಲ್ಲೇ ಜೀಪ್ ಶೆಡ್ಡಿತ್ತು.

ಅಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಯಶವಂತ, ಡ್ರೈವರ್ ಸುಬ್ಬಣ್ಣ ಮತ್ತು ಬೊಮ್ಮಯ್ಯ ಪೋಕರ್ ಆಡುತ್ತಿದ್ದರು. ದುಡ್ಡಿಟ್ಟು ಆಡಿದರೆ ಕೆಲಸದಿಂದ ತೆಗೆಯುವೆನೆಂದು ಯಜಮಾನರು ಹೇಳಿದ್ದರು. ಕೋಳಿಯ ವಿಷಯ ಏನೂ ಹೇಳಿರಲಿಲ್ಲ.

"ಬನ್ನಿ ರೈಟ್ರೇ, ಹೊಸಬ್ರು ಕೊನೇ ಎಲೆಗೆ ಹಾಕಿದ್ರೆ ಸಾಕು," ಎಂದ ಬೊಮ್ಮಯ್ಯ, ನಿರಂಜನನ ಮುಖ ಬಿಟ್ಟು ಕೋಳಿಯ ಮುಖ ನೋಡುತ್ತ.

ನಿರಂಜನ ಕೂತು ಎಲೆ ಹಿಡಿದ. ಯಶವಂತ, ಸುಬ್ಬಣ್ಣ ಕವುಚಿದ ಬುಟ್ಟಿಯಡಿ ಒಂದೊಂದು ಕೋಳಿ ಹಾಕಿ ಆಟ ಬಿಟ್ಟರು. ಬೊಮ್ಮಯ್ಯ ಎರಡು ಹಾಕಿ ಕೂತ. ನಿರಂಜನನ ಕೈಯಲ್ಲಿ ಎರಡು ಆಟೀನ್, ಗೋಣಿಯ ಮೇಲೆ ತೆರೆದ ನಾಲ್ಕು ಎಲೆಗಳಲ್ಲಿ ಇನ್ನೆರಡು. ಉಳಿದ ಒಂದು ಎಲೆಯೂ ಆಟೀನಾಗಿ ಒಂದೇ ಜಾತಿಯ ಐದು ಕೂಡಿದರೆ ಗೆದ್ದ ಹಾಗೆ.

ಯಶವಂತ ಕಿವಿಯಲ್ಲಿ ಹೇಳಿದ: "ಕಾಣದ ಎಲೆ ನಲವತ್ತಾರು. ಆಟೀನ್ ಒಂಬತ್ತು, ಬೇರೆ ಮೂವತ್ತೇಳು. ಒಂದು ಸಲ ಗೆದ್ರೆ ನಾಲ್ಕು ಸಲಕ್ಕಿಂತ ಚೂರು ಜಾಸ್ತಿ ಸೋಲ್ತೀಯ. ನೀನು ಹಾಕೋ ಒಂದು ಕೋಳಿಗೆ ಬುಟ್ಟಿಯಲ್ಲಿ ಆ ನಾಲ್ಕು ಚಿಲ್ಲರೆಗಿಂತ ಜಾಸ್ತಿ ಇದ್ರೆ ಹಾಕು. ಕಮ್ಮಿ ಇದ್ರೆ ಎಲೆ ಕೆಳಗಿಡು, ಆಟ ಬಿಡು. ಅಷ್ಟೇ."

ನಿರಂಜನನ ಮೈ ಜುಮ್ಮೆಂದಿತು. ಅದೃಷ್ಟವೆಂದು ಲೋಕವೆಲ್ಲ ಕೈ ಮುಗಿಯುವ ವಸ್ತು ತಕ್ಕಡಿಯ ಮೇಲಿನ ಕಾಫಿ ಮೂಟೆಯ ಹಾಗೆ ತೂಕಕ್ಕೆ ಸಿಗುತ್ತದೆಯೆ!

"ಕೋಳಿ ಸರಿಯಾಗಿ ನಾಲ್ಕೇ ಇದೆಯಲ್ಲ ಸಾರ್?"

"ಅದೇ ಕಷ್ಟ. ಒಂಬತ್ ನಾಲ್ಕ್ಲಿ ಮೂವತ್ತಾರು, ಬೇಕಾದ್ದು ಮೂವತ್ತೇಳು. ಒಂಬತ್ತರಲ್ಲೊಂದು ಪಾಲು ಕಮ್ಮಿ ಬೀಳ್ತದೆ. ಬಿಡು, ಮನೆಗೆ ಹೋಗು."

ಅವನು ಏಳುವಷ್ಟರಲ್ಲಿ ಬುಟ್ಟಿಯೊಳಗಿಂದ ಕೊಕ್ಕೊಕ್ಕೋ ಎಂದು ದೊಡ್ಡ ಗಲಾಟೆ. ಸುಬ್ಬಣ್ಣ ಸಂದಿಯಲ್ಲಿ ಇಣುಕಿದ.

"ಮೊಟ್ಟೆ ಇಟ್ಟಿದೆ ಮಾರಾಯ್ರೆ!"

ನಿರಂಜನ ಪಿಸುಗುಟ್ಟಿದ: "ಸಾರ್, ಮೊಟ್ಟೆ ಅಂದ್ರೆ ಕೋಳಿಯ ಒಂಬತ್ತರಲ್ಲೊಂದು ಪಾಲು ಆಗ್ತದಲ್ದಾ?"

ಯಶವಂತ ಕಣ್ಣು ಮುಚ್ಚಿ ಯೋಚಿಸಿದ. "ಕಾವಿಗೆ ಕೂರಿಸಿದ್ರೆ ಇಡೀ ಕೋಳಿನೇ ಆಗ್ತದೆ. ಹಾಕು."

ಕೆಂಚು ಹೇಂಟೆ ಬುಟ್ಟಿಯೊಳಗೆ ಹೋಯಿತು. ಎಲೆ ತೆರೆಯಿತು. ಆಟೀನ್ ರಾಣಿ! ಬೊಮ್ಮಯ್ಯ ಎಲೆ ಬಿಸಾಕಿದ.

ನಿರಂಜನ ಗರ್ಭಗುಡಿಯ ಮುಂದೆ ನಿಂತವನಂತೆ ನಿಂತ. ತಕ್ಕಡಿ ವಾಲಿಸಿದ ಆ ಮೊಟ್ಟೆಯನ್ನು ಕಣ್ಣಾರೆ ನೋಡಬೇಕೆನಿಸಿ ಬುಟ್ಟಿಯನ್ನು ಪೂರ್ತಿ ಎತ್ತಿಬಿಟ್ಟ.

ನಾಟಿ ಕೋಳಿಗಳಿಗೆ ಮನೆಯ ದಾರಿ ಹೇಳಿಕೊಡಬೇಕಿಲ್ಲ. ಒಂದು ಯಶವಂತನ ಬಂಗಲೆಯ ಅಡುಗೆಮನೆಗೆ, ಒಂದು ಸುಬ್ಬಣ್ಣನ ಹಿತ್ತಿಲಿಗೆ ಓಡಿದವು. ಬೊಮ್ಮಯ್ಯನ ಎರಡರ ಹಿಂದೆ ಕೆಂಚು ಹೇಂಟೆಯೂ ಬೆಳಿಗ್ಗೆ ಬಿಟ್ಟುಬಂದ ಮನೆಗೇ ಹೊರಟಿತು.

"ಬೊಮ್ಮಯ್ಯ, ಅವು ನಂದಲ್ವಾ?"

"ನಿಮ್ದೇ ರೈಟ್ರೇ. ನನ್ನ ಹೆಂಡ್ತಿ ನಂಜಮ್ಮನ್ನ ಕೇಳಿ ಇಸ್ಕೊಳ್ಳಿ."

ನಂಜಮ್ಮನನ್ನು ಕೇಳುವ ಧೈರ್ಯ ಯಜಮಾನರಿಗೂ ಇರಲಿಲ್ಲ.

ಅಂಗೈಯಲ್ಲಿ ಮೊಟ್ಟೆ ಹಿಡಿದು ಮನೆಗೆ ಬಂದರೆ ಗುರುವಯ್ಯನವರು ಆಗಲೇ ಬೆಂಚಿನ ಮೇಲಿದ್ದರು. ಸರೋಜಮ್ಮ ಮೊಟ್ಟೆ ನೋಡಿದರು, ಮಗನನ್ನು ನೋಡಿದರು, ಒಳಗೆ ಹೋಗಿ ಬೇಳೆ ಬೇಯಲಿಟ್ಟರು. ಬೇರೆ ದಾರಿ ಕಾಣದೆ ನಿರಂಜನ ನಡೆದದ್ದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಕೋಳಿ ಮರೆತುಹೋಗಿ ಲೆಕ್ಕ ಮಾತ್ರ ಉಳಿಯಿತು.

"ಅಬ್ಬಾ, ಎಂಥ ಲೆಕ್ಕ ಮಾರಾಯ್ರೆ! ಇನ್ನೊಂದ್ಸಲ ಹೇಳಿ," ಎಂದರು ಗುರುವಯ್ಯ, ಬಾಯಿಯ ಎಲೆ‌ಅಡಿಕೆ ಜಗಿಯುವುದನ್ನೂ ಮರೆತು. ನಿರಂಜನ ಇನ್ನೊಮ್ಮೆ ಹೇಳಿದ. ಸಂಬಂಧ ಕೂಡಿಬಂದ ಹಾಗೇ ಎಂದುಕೊಂಡ.

"ಅಂದ್ರೆ ನಾವು ಹಾಕೋದೆಷ್ಟು, ಬುಟ್ಟಿಯಲ್ಲಿರೋದೆಷ್ಟು ನೋಡ್ಬೇಕು. ಅಲ್ದಾ?"

"ಅಷ್ಟೇ! ಅಷ್ಟೇ!"

"ನಾನು ಹಾಕೋದು ಇರೋ ಒಬ್ಬಳೇ ಮಗಳನ್ನ." ಗುರುವಯ್ಯ ಅವನ ಅಂಗೈಯ ಮೊಟ್ಟೆಯನ್ನು ನೋಡಿದರು. "ಈಗ ಏನು ಮಾಡ್ಲಿ, ನೀವೇ ಹೇಳಿ."

ನಿರಂಜನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೇಗೆ ತಿರುಗಿಸಿದರೂ ಉತ್ತರ ಒಂದೇ ಬಂತು.

"ಎಲೆ ಕೆಳಗಿಡ್ಬೇಕು, ಮಾವ," ಎಂದ, ಅದರ ಚೆಂದಕ್ಕೆ ಬೆರಗಾಗಿ.