ನಾನು ಬರೆಸಿದ ಶ್ರೀಲಂಕಾ

ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ. ಆಫೀಸಿನಲ್ಲಿ ಇದನ್ನು ಅನುಭವ ಎನ್ನುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ, ಮೈಸೂರಿನ ಸುಮಾ, ಬೇರೆ ಹೆಸರಿಟ್ಟಿದ್ದಾಳೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳು ತಾರೀಕು ತಪ್ಪುತ್ತವೆಂದು ಲೋಕವೆಲ್ಲ ಹೆದರಿದ್ದ ಕಾಲ ಅದು. ನಾನು ಡಚ್ಚರ ದೇಶದ ಡೀಮೆನ್‌ನ ಫ್ಲ್ಯಾಟಿನಿಂದ ದಿನಾ ಯುಟ್ರೆಕ್ಟ್‌ಗೆ ರೈಲಿನಲ್ಲಿ ಹೋಗಿ ಆ ತಾರೀಕುಗಳನ್ನು ತಿದ್ದುತ್ತಿದ್ದೆ. ಹೊರಗೆ ಯಾವಾಗಲೂ ಜಿನುಗು ಮಳೆ. ಸರಿಯಾಗಿ ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಕೊಡೆ ಬಿಡಿಸಿದರೆ ಅವಮಾನ, ಬಿಡಿಸದಿದ್ದರೆ ನೆಗಡಿ.

ಒಂದು ಸಂಜೆ ಒಂಬತ್ತು ವರ್ಷದ ಮಗಳು ಅನಘಾ, "ಅಪ್ಪ, ನೆಕ್ಸ್ಟ್ ವೀಕ್ ನನ್ನ ಸ್ಪ್ರೇಕ್‌ಬ್ಯೂರ್ಟ್," ಎಂದಳು. ಇಲ್ಲಿನ ಶಾಲೆಗಳಲ್ಲಿ ಪ್ರತಿ ಮಗುವೂ ತರಗತಿಯ ಮುಂದೆ ನಿಂತು ಒಂದು ವಿಷಯದ ಬಗ್ಗೆ ಕಾಲು ಗಂಟೆ ಮಾತಾಡಲೇಬೇಕು. ಇಂಡಿಯಾವನ್ನು ಆಗಲೇ ಒಬ್ಬ ಡಚ್ ಹುಡುಗಿ ಹಿಡಿದುಕೊಂಡಿದ್ದಳಂತೆ. ಅವಳಪ್ಪ ಅಮ್ಮ ತಾಜಮಹಲು ನೋಡಿ ಬಂದಿದ್ದರಂತೆ. ಹಾಗಾಗಿ ಇವಳ ಪಾಲಿಗೆ ಶ್ರೀಲಂಕಾ.

"ನಿಮಗೆ ಶ್ರೀಲಂಕಾ ಗೊತ್ತಾ?"

"ಗೊತ್ತಿಲ್ಲದೆ ಎಂತ? ನಮ್ಮ ಕಾಪುವಿಂದ ಕರಾವಳಿ ಹಿಡಿದು ಕೆಳಗೆ ಹೋದ್ರೆ ಅದೇ ಬರ್ತದೆ," ಎಂದೆ. ನಾನು ಅಲ್ಲಿ ಕಾಲಿಟ್ಟವನಲ್ಲ.

ಲೈಬ್ರರಿಯಿಂದ ಪುಸ್ತಕವನ್ನೇನೋ ತಂದೆವು. ನಡುವೆ ಬೆಟ್ಟ, ಸುತ್ತ ಕಡಲು. ಒಂದು ಮಗ್ಗುಲಿಗೆ ಮಳೆ ಸುರಿಯುವಾಗ ಇನ್ನೊಂದು ಮಗ್ಗುಲು ಒಣಗಿರುತ್ತದೆ. ವರ್ಷಕ್ಕೆ ಎರಡು ಮಳೆಗಾಲ. ಎರಡೆರಡು ಎಂದು ಓದಿ ನನಗೆ ಹೊಟ್ಟೆ ಉರಿಯಿತು. ಪುಸ್ತಕ ಮುಚ್ಚಿಟ್ಟು ಮುಂದಿನದೆಲ್ಲ ನಾನೇ ಹೇಳಿ ಬರೆಸಿದೆ. ಮೇ ಕೊನೆಗೆ ಗಾಳಿ ನಿಂತು ಮೈಯೆಲ್ಲ ಅಂಟಂಟಾಗುವುದು, ಕಡಲಿನ ಬಣ್ಣ ಬದಲಾಗುವುದು, ಗೋಡೆ ನೆನೆಯದಂತೆ ತೆಂಗಿನ ಮಡಲು ಹೆಣೆದು ಕಟ್ಟುವುದು. ಬೇಲಿಯ ಬುಡದಲ್ಲಿ ಶಾನುಭೋಗರ ಗತ್ತಿನಲ್ಲಿ ನಡೆಯುವ ಕೆಂಬೂತ, ಕೋಳಿಮೊಟ್ಟೆಗೆ ಹೊಂಚು ಹಾಕುವ ಮುಂಗುಸಿ, ಬಾವಿಕಟ್ಟೆಯ ಮೇಲೆ ಬಿಸಿಲು ಕಾಯುವ ಉಡ, ಗೇರುಹಣ್ಣು ತಿಂದು ಬೀಜವನ್ನು ನಮ್ಮ ಅಂಗಳಕ್ಕೇ ಉದುರಿಸುವ ಬಾವಲಿ.

"ರೀ, ಶ್ರೀಲಂಕಾ ಅಂದ್ರೆ ಆನೆ ಅಲ್ವಾ? ಎಲ್ಲಿ ಆನೇನೇ ಇಲ್ಲ?" ಎಂದು ಸುಮಾ ಅಡುಗೆಮನೆಯಿಂದಲೇ ಕೇಳಿದಳು.

ಕಾಪುವಿನಲ್ಲಿ ಆನೆ ಇರಲಿಲ್ಲ. ಕೊನೆಯ ಸಾಲಿನಲ್ಲಿ ಎರಡು ಆನೆ ಸೇರಿಸಿದೆವು.

ನಿಜ ಹೇಳಿಬಿಡುತ್ತೇನೆ. ನನಗೆ ಅವಳ ಅಂಕದ ಚಿಂತೆ ಇರಲಿಲ್ಲ. ರಜೆ ಸಿಗುವುದೇ ಡಿಸೆಂಬರಿನಲ್ಲಿ. ಊರಿನ ಮಳೆ ಕಂಡು ಆರು ವರ್ಷವಾಗಿತ್ತು. ಮಗಳಿಗಂತೂ ಅದರ ನೆನಪೇ ಇಲ್ಲ. ಅವಳ ಬಾಯಲ್ಲಿ ಆ ಮಳೆ ಒಂದು ಸಲವಾದರೂ ಬರಲಿ ಎಂಬ ಆಸೆ. ನಮ್ಮೂರಿನಲ್ಲಿ ಎಂದು ಶುರುಮಾಡಿದರೆ ಟಿವಿ ಕಡೆ ತಿರುಗುವವಳು, ಶ್ರೀಲಂಕಾದಲ್ಲಿ ಎಂದಾಗ ಕಣ್ಣರಳಿಸಿ ಕೂತಳು. ಉಡ ಕಚ್ಚುತ್ತದೆಯೇ ಎಂದು ಬೇರೆ ಕೇಳಿದಳು. ಆ ಒಂದು ವಾರ ನಾನು ಎಷ್ಟು ಸುಖವಾಗಿದ್ದೆನೆಂದರೆ ಯುಟ್ರೆಕ್ಟ್ ನಿಲ್ದಾಣದಲ್ಲಿ ಇಳಿಯುವುದನ್ನೇ ಎರಡು ಸಲ ಮರೆತೆ.

ಹತ್ತಕ್ಕೆ ಎಂಟು ಬಂತು. ಟೀಚರಿಗೆ ಬಾವಲಿ ತುಂಬ ಹಿಡಿಸಿತಂತೆ. ಇದೆಲ್ಲ ಯಾವ ಪುಸ್ತಕದಲ್ಲಿದೆ ಎಂದು ಕೇಳಿದರಂತೆ.

"ಅಪ್ಪ ಹೇಳಿದ್ರು ಅಂದೆ. ಹಾಗಾದ್ರೆ ನಿಮ್ಮಪ್ಪ ಶ್ರೀಲಂಕಾದವರಾ ಅಂತ ಕೇಳಿದ್ರು."

"ನೀನು ಎಂತ ಹೇಳಿದ್ದು?"

"ನೇ, ಅಲ್ಲ, ಅಪ್ಪ ಡೀಮೆನ್‌ನವರು ಅಂದೆ."

ತಿದ್ದಲು ಬಾಯಿ ತೆರೆದೆ. ಆದರೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಮಳೆ, ಬಾವಿಕಟ್ಟೆ, ಕೆಂಬೂತ, ಎಲ್ಲವನ್ನೂ ನನ್ನ ಕೈಯಾರೆ ಇನ್ನೊಂದು ದೇಶಕ್ಕೆ ಬರೆದುಕೊಟ್ಟಿದ್ದೆ. ನನಗೆಂದು ಉಳಿದಿದ್ದು ಡೀಮೆನ್ ಒಂದೇ.