ಕಾವಿಲ್ಲದ ಪೆಟ್ಟಿಗೆ

"ನೋಡಮ್ಮ, ವಾಲ್ವು ಅನ್ನೋದು ಇನ್ನು ಮುಗಿದ ಕಥೆ. ಏನಿದೆ ಅದರಲ್ಲಿ? ಒಂದು ಗಾಜಿನ ಬುರುಡೆ, ಒಳಗೊಂದು ಕೆಂಪಗೆ ಕಾಯೋ ತಂತಿ. ಅದಕ್ಕೆ ಮೊದಲು ಕಾವು ಬರಬೇಕು, ಆಮೇಲೆ ಮನಸ್ಸು ಬರಬೇಕು, ಆಮೇಲೆ ಬಾಯಿ ಬಿಡಬೇಕು. ಅಲ್ಲೀತನಕ ನಾನು ಗಿಟಾರ್ ತೊಡೆ ಮೇಲಿಟ್ಟುಕೊಂಡು ಭಿಕ್ಷಕ್ಕೆ ಕೂತವನ ಹಾಗೆ ಕೂತಿರಬೇಕು. ಸುಮ್ಮನಿದ್ದಾಗಲೂ ಗುಂಯ್ ಅಂತಿರುತ್ತೆ. ಕರೆಂಟ್ ಕುಡಿಯೋದೋ, ಎಮ್ಮೆ ಕಲಗಚ್ಚು ಕುಡಿದ ಹಾಗೆ. ಹೋಗಲಿ, ಆಯುಸ್ಸಾದರೂ ಇದೆಯಾ? ವರ್ಷಗಟ್ಟಲೆ ಬಾಳಬೇಕಾದ ವಾಲ್ವು ಈ ಚಳಿಗಾಲ ಒಂದರಲ್ಲೇ ಎರಡು ಸತ್ತವು. ಕಾದಾಗ ಒಂಥರಾ ಹುಳಿ ವಾಸನೆ ಬೇರೆ. ಅದು ವಾಲ್ವಿನ ಗುಣ, ಏನೂ ಮಾಡೋ ಹಾಗಿಲ್ಲ. ಟ್ರಾನ್ಸಿಸ್ಟರ್ ಹಾಗಲ್ಲಮ್ಮ. ಕಡಲೆಕಾಳಿನಷ್ಟು ಗಾತ್ರ, ಮೂರು ಕಾಲು. ಸ್ವಿಚ್ ಹಾಕಿದ ಗಳಿಗೆಗೇ ನಾದ. ಗುಂಯ್ ಇಲ್ಲ, ವಾಸನೆ ಇಲ್ಲ, ಮುಟ್ಟಿದರೆ ಶಾಕ್ ಹೊಡೆಯಲ್ಲ, ರಿಕ್ಷಾದಲ್ಲಿ ಕುಲುಕಿದರೆ ಒಡೆಯಲ್ಲ. ಸೆಲ್ ಹಾಕಿದರೆ ಮಹಡಿ ಮೇಲೂ ನುಡಿಸಬಹುದು. ತಂತಿ ಹೇಗೆ ನುಡೀತೋ ಹಾಗೇ ಕೇಳಿಸುತ್ತೆ, ತೊಳೆದಿಟ್ಟ ಕನ್ನಡಿ ಥರ. ಎಲ್ಲಕ್ಕಿಂತ ಮುಖ್ಯ ಯಾವುದು ಗೊತ್ತಾ? ಕಾವೇ ಇಲ್ಲ. ರಾತ್ರಿಯೆಲ್ಲಾ ಹಾಕಿಟ್ಟರೂ ಪೆಟ್ಟಿಗೆ ತಣ್ಣಗೇ ಇರುತ್ತೆ."

ಇದಿಷ್ಟನ್ನೂ ನನ್ನ ಮಗ ವೆಂಕಟಾಚಲ ಹೇಳಿದ್ದು ಊಟದ ತಟ್ಟೆಯ ಮುಂದೆ. ಕಲಸಿದ ಅನ್ನ ಬೆರಳಿಗೆ ಅಂಟಿ ಒಣಗಿತ್ತು, ಸಾರು ಆರಿ ಮೇಲೆ ಕೆನೆ ಕಟ್ಟಿತ್ತು. ನಾನು ತಾಳ್ಮೆಯ ಹೆಂಗಸು ಎಂದು ಎಲ್ಲರೂ ಹೇಳುತ್ತಾರೆ. (ಬೇರೆ ದಾರಿಯಿಲ್ಲದವರನ್ನೆಲ್ಲ ಜನ ಹಾಗೇ ಹೇಳುತ್ತಾರೆ.) ಆದರೆ ಆ ಕೊನೆಯ ಮಾತು ಕೇಳಿದಾಗ ಮಾತ್ರ ನನ್ನ ಕೈಯಲ್ಲಿದ್ದ ಮಜ್ಜಿಗೆಯ ಸೌಟು ಅಲ್ಲೇ ನಿಂತುಬಿಟ್ಟಿತು. ಕಾವೇ ಇಲ್ಲವಂತೆ. ಅದನ್ನೇ ದೊಡ್ಡ ಹಿರಿಮೆ ಎಂದು ಹೇಳುತ್ತಾನೆ.

ನಾವಿರುವುದು ಅಹಮದಾಬಾದಿನ ನವರಂಗಪುರದಲ್ಲಿ. ವೆಂಕಟಾಚಲ ಇಲ್ಲಿನ ಸಂಶೋಧನಾಲಯದಲ್ಲಿ ಕೆಲಸಕ್ಕಿದ್ದಾನೆ. ಆಕಾಶದಿಂದ ಬೀಳುವ ಯಾವುದೋ ಕಣಗಳನ್ನು ಎಣಿಸುವುದು ಅವನ ಕಸುಬು. ಅಷ್ಟು ದೂರದಿಂದ ಬಂದದ್ದು ಅವನಿಗೆ ಕಾಣಿಸುತ್ತದೆ, ತಟ್ಟೆಯ ಪಕ್ಕದಲ್ಲಿಟ್ಟ ಉಪ್ಪಿನಕಾಯಿ ಕಾಣಿಸುವುದಿಲ್ಲ. ಸಂಜೆ ಮನೆಗೆ ಬಂದರೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಾನೆ. ಆ ನಾದವನ್ನು ದೊಡ್ಡದು ಮಾಡಲು ಅವನೇ ಕೈಯಾರೆ ಕಟ್ಟಿದ್ದು ವಾಲ್ವಿನ ಆಂಪ್ಲಿಫೈಯರ್. ತೇಗದ ಪೆಟ್ಟಿಗೆ, ಮುಂದುಗಡೆ ಬಟ್ಟೆ ಬಿಗಿದ ಸ್ಪೀಕರ್, ಹಿಂದುಗಡೆ ಪೂರಾ ಖಾಲಿ. ಗೋಡೆಗೆ ಬೆನ್ನು ಮಾಡಿ ಅದು ನಡುಮನೆಯಲ್ಲಿ ಕೂತಿರುತ್ತಿತ್ತು.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಬೇಸಿಗೆಯಲ್ಲಿ ಈ ಊರಲ್ಲಿ ಇಡ್ಲಿ ಹಿಟ್ಟನ್ನು ರುಬ್ಬಿ ಮುಗಿಸುವ ಮೊದಲೇ ಅದು ಉಬ್ಬಲು ಶುರುಮಾಡುತ್ತದೆ. ಚಳಿಗಾಲದಲ್ಲಿ ಮಾತ್ರ ಅದಕ್ಕೆ ಜೀವವೇ ಇರುವುದಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ರಾತ್ರಿ ಹೇಗೆ ಮಲಗಿಸಿದ್ದೆವೋ ಹಾಗೇ ಮಲಗಿರುತ್ತದೆ. ಇಲ್ಲಿನ ಕನ್ನಡದವರ ಮನೆಗಳಲ್ಲೆಲ್ಲ ಜನವರಿಯ ಇಡ್ಲಿ ಎಂದರೆ ಹಲ್ಲಿಗೆ ಪರೀಕ್ಷೆ. ಹೋದ ವರ್ಷದ ಚಳಿಯಲ್ಲಿ ಒಂದು ದಿನ ಪೆಟ್ಟಿಗೆಯ ಹಿಂದೆ ಧೂಳು ಒರೆಸುತ್ತಿದ್ದೆ. ಒಳಗಿನಿಂದ ಹಿತವಾದ ಕಾವು ಮುಖಕ್ಕೆ ಬಡಿಯಿತು, ಬಾಣಂತಿ ಕೋಣೆಯ ಹಾಗೆ. ಭಾರದ ಕಬ್ಬಿಣದ ಗಟ್ಟಿಯೊಂದರ ಪಕ್ಕದಲ್ಲಿ ಒಂದು ಮೂಲೆ ಖಾಲಿಯಿತ್ತು. ನನ್ನ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.

ಅಂದಿನಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿಟ್ಟಿನ ಪಾತ್ರೆಯನ್ನು ಅಲ್ಲಿಟ್ಟು, ಸದ್ದಿನ ತಿರುಪನ್ನು ಪೂರ್ತಿ ಇಳಿಸಿ, ಸ್ವಿಚ್ ಹಾಕಿ ಮಲಗುತ್ತಿದ್ದೆ. ಹಾಲಿನವನ ಸೈಕಲ್ಲು ಬೀದಿಯ ತುದಿಗೆ ಬಂದ ಸದ್ದಾಗುತ್ತಲೇ ಎದ್ದು ಆರಿಸಿ, ಪಾತ್ರೆ ತೆಗೆದುಬಿಡುತ್ತಿದ್ದೆ. ಹಿಟ್ಟು ಬಸುರಿಯ ಹಾಗೆ ತುಂಬಿಕೊಂಡಿರುತ್ತಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೊಸೆ ಸುಮಿತ್ರಾ ಮಾತ್ರ ಮನೆಗೆ ಬಂದವರಿಗೆಲ್ಲ ಇಡ್ಲಿ ಮುರಿದು ತೋರಿಸಿ, ಅದೆಲ್ಲ ನಮ್ಮ ಅತ್ತೆಯ ಕೈಗುಣ, ಅಷ್ಟೇ ಅಕ್ಕಿ ಅಷ್ಟೇ ಉದ್ದು ನಾನು ಹಾಕಿದರೂ ಹೀಗಾಗುವುದಿಲ್ಲ ಎನ್ನುತ್ತಿದ್ದಳು. ಪಕ್ಕದ ಮನೆಯ ನಳಿನಿಬೆನ್ ನನ್ನನ್ನು "ಬಾ" ಎಂದೇ ಕರೆಯುವುದು, ಅವರಲ್ಲಿ ತಾಯಿಯನ್ನು ಹಾಗೆ ಕರೆಯುತ್ತಾರೆ. ಅವಳಂತೂ ತನ್ನ ಢೋಕ್ಳಾದ ಹಿಟ್ಟನ್ನು ತಂದು, ಬಾ, ಒಮ್ಮೆ ಕೈಯಾಡಿಸಿಕೊಡಿ ಎಂದು ಕೇಳಿದ್ದುಂಟು. ನಾನು ಕೈಯಾಡಿಸಿ ಕೊಟ್ಟದ್ದೂ ಉಂಟು. ಅರವತ್ತು ದಾಟಿದ ಮೇಲೆ ಹೆಂಗಸಿಗೆ ಸಿಕ್ಕುವ ಬಿರುದುಗಳು ಕಡಿಮೆ. ಸಿಕ್ಕಿದ್ದನ್ನು ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ.

ಹೀಗಿರುವಾಗ ಮಗ ವಾಲ್ವಿನ ಮೇಲೆ ಹೊರಿಸಿದ ಅಪವಾದಗಳನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ಕರೆಂಟ್ ಕುಡಿಯುತ್ತದೆ, ಬೇಗ ಸಾಯುತ್ತದೆ, ಹುಳಿ ವಾಸನೆ. ಅಷ್ಟೂ ನನ್ನ ಹಿಟ್ಟಿನ ಪ್ರತಾಪ. ಪಾಪ, ಆ ಪೆಟ್ಟಿಗೆ ನನ್ನ ಮಾನ ಉಳಿಸಲು ಹೋಗಿ ತನ್ನ ಮಾನ ಕಳೆದುಕೊಂಡಿತ್ತು.

ನಾನು ಕೈಲಾದಷ್ಟು ತಡೆದೆ. ಹಳೆಯದಕ್ಕೇನಾಗಿದೆ, ಚೆನ್ನಾಗೇ ಇದೆಯಲ್ಲೋ ಎಂದೆ. ಅವನು ಕೇಳುವವನೇ? ರಿಲೀಫ್ ರೋಡಿನ ಅಂಗಡಿಗಳನ್ನೆಲ್ಲ ಸುತ್ತಿ ಆ ಮೂರು ಕಾಲಿನ ಕಾಳುಗಳನ್ನು ತಂದು, ಊಟದ ಮೇಜಿನ ಮೇಲೇ ಬೆಸುಗೆ ಹಾಕಿ, ಸಂಕ್ರಾಂತಿಗೆ ಇನ್ನೂ ವಾರವಿರುವಾಗಲೇ ಹೊಸ ಆಂಪ್ಲಿಫೈಯರನ್ನು ಎಬ್ಬಿಸಿ ನಿಲ್ಲಿಸಿದ. ನಾನು ಮೆಲ್ಲಗೆ ಹೋಗಿ ಅದರ ಬೆನ್ನಿನ ಮೇಲೆ ಕೈಯಿಟ್ಟು ನೋಡಿದೆ. ನೀರಿನ ಹೂಜಿಯ ಹಾಗೆ ತಣ್ಣಗಿತ್ತು. ಒಂದಿಷ್ಟಾದರೂ ಬೆಚ್ಚಗೆ ಮಾಡಲಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ಬೆಚ್ಚಗಾದರೆ ಇವು ಸತ್ತೇಹೋಗುತ್ತವೆ ಎಂದ. ಬೆಚ್ಚಗಾದರೆ ಸಾಯುವ ವಸ್ತುವಿನಿಂದ ಸಂಸಾರಕ್ಕೇನು ಪ್ರಯೋಜನ, ನೀವೇ ಹೇಳಿ.

ಭಾನುವಾರ ಬರೋಡಾದಿಂದ ಸದಾಶಿವ ಬಂದ. ಅವನೂ ನಮ್ಮ ತುಮಕೂರಿನ ಕಡೆಯವನೇ. ವೆಂಕಟಾಚಲನ ಜೊತೆ ಓದಿದವನು, ಗಿಟಾರ್ ನುಡಿಸುವವನು, ವಾಲ್ವಿನ ಪರಮಭಕ್ತ. ಅವನನ್ನು ಕರೆತರಲು ಮಗ ಸ್ಟೇಷನ್ನಿಗೆ ಹೋದ. ರಾತ್ರಿಯ ಊಟಕ್ಕೆ ಇಡ್ಲಿಯೇ ಆಗಬೇಕೆಂದು ಸದಾಶಿವ ಮೊದಲೇ ಹೇಳಿಕಳಿಸಿದ್ದ. ನಾನು ಬೆಳಗಿನಲ್ಲೇ ರುಬ್ಬಿ, ಸುಮಿತ್ರಾ ನೀರು ತುಂಬಲು ಹೋದ ಸಮಯ ನೋಡಿ ಪಾತ್ರೆಯನ್ನು ಪೆಟ್ಟಿಗೆಯೊಳಗಿಟ್ಟು ಸ್ವಿಚ್ ಹಾಕಿದೆ. ಬಂದವರು ಊಟ ಮಾಡಿ ಒಂದು ನಿದ್ದೆ ತೆಗೆಯುತ್ತಾರೆ, ಅಷ್ಟರಲ್ಲಿ ಹಿಟ್ಟು ತಯಾರಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ. ನಿದ್ದೆ ಎಲ್ಲಿಯದು? ಊಟದಲ್ಲೇ ಜಗಳ ಶುರುವಾಯಿತು.

ಟ್ರಾನ್ಸಿಸ್ಟರಿನಲ್ಲಿ ಜೀವವೇ ಇಲ್ಲ ಎಂದು ಸದಾಶಿವನ ವಾದ. ಮೆಲ್ಲಗೆ ನುಡಿಸುವಾಗ ಸಭ್ಯಸ್ಥನ ಹಾಗಿರುತ್ತದೆ, ಸದ್ದು ಏರಿಸಿದೆಯೋ ತಗಡು ಹರಿದ ಹಾಗೆ ಝಿರ್ರ್ ಎನ್ನುತ್ತದೆ. ವಾಲ್ವಾದರೆ ಏರಿಸಿದಷ್ಟೂ ಗಂಟಲು ತುಂಬಿ ಬರುತ್ತದೆ, ಹಾಡುಗಾರ ಭಾವಕ್ಕೆ ಬಂದ ಹಾಗೆ. ನನಗೆ ಅವನ ತಟ್ಟೆಗೆ ಇನ್ನೆರಡು ಚಮಚ ತುಪ್ಪ ಹಾಕಬೇಕೆನಿಸಿತು. ಹಾಕಿದೆ.

ವೆಂಕಟಾಚಲ ಕೈ ತೊಳೆದು ಬಂದವನೇ ಹೇಳಿದ: "ನೀನೂ ಬೇಡ ನಾನೂ ಬೇಡ. ನಮ್ಮಮ್ಮನ ಕಿವಿ ಹೇಳಲಿ. ಸಾಸಿವೆ ಸಿಡಿಯೋ ಸದ್ದಲ್ಲೇ ಎಣ್ಣೆ ಹಳೇದೋ ಹೊಸದೋ ಹೇಳ್ತಾಳೆ. ಕಣ್ಣಿಗೆ ಕಾಣದ ಹಾಗೆ ಎರಡನ್ನೂ ಕೇಳಿಸ್ತೀನಿ. ಅಮ್ಮ ವಾಲ್ವೇ ಚೆನ್ನಾಗಿದೆ ಅಂದರೆ ಹೊಸದನ್ನ ಬಿಚ್ಚಿ ಹಾಕ್ತೀನಿ. ಟ್ರಾನ್ಸಿಸ್ಟರ್ ಅಂದರೆ ಆ ಹಳೇ ಪೆಟ್ಟಿಗೆ ನೀನೇ ಹೊತ್ತುಕೊಂಡು ಹೋಗು, ಇವತ್ತೇ."

ಸದಾಶಿವನಿಗೆ ಗೆದ್ದರೆ ಮರ್ಯಾದೆ, ಸೋತರೆ ಪೆಟ್ಟಿಗೆ. ಅವನು ನಗುತ್ತ ಒಪ್ಪಿದ. ನಾನೂ ಒಪ್ಪಿದೆ. ಹೆತ್ತ ಮಗ ತಾನಾಗಿಯೇ ಬಂದು ಬೀಗದ ಕೈಯನ್ನು ನನ್ನ ಸೆರಗಿಗೆ ಕಟ್ಟುತ್ತಿದ್ದ. ವಾಲ್ವು ಯಾವುದು ಎಂದು ತಿಳಿಯಲು ನನಗೆ ಸಂಗೀತವೇ ಬೇಕಾಗಿರಲಿಲ್ಲ. ದಿನಾ ಆ ಗುಂಯ್ ಕೇಳಿಯೇ ನನಗೆ ನಿದ್ದೆ ಬರುತ್ತಿದ್ದದ್ದು.

ಅಡಿಗೆಮನೆಯ ಬಾಗಿಲಿಗೆ ದುಪ್ಪಟಿ ಕಟ್ಟಿ ನನ್ನನ್ನು ಒಳಗೆ ಕೂರಿಸಿದರು. ನನ್ನ ಮೊದಲ ಆಸೆ ಅಲ್ಲೇ ಮುರಿಯಿತು. ಮಗ ಹಳೆಯದು ಆಗಲೇ ಹಾಕಿರುವುದೇಕೆಂದು ಯೋಚಿಸದೆ ಹೊಸದನ್ನೂ ಅದರ ಜೊತೆಗೇ ಹಾಕಿಟ್ಟು, ಗಿಟಾರಿನಿಂದ ಬಂದ ವೈರನ್ನು ಮಾತ್ರ ಇದರಿಂದ ಅದಕ್ಕೆ ಬದಲಾಯಿಸುತ್ತಿದ್ದ. ಗುಂಯ್ ಎರಡು ಸಲವೂ ಕೇಳಿಸುತ್ತಿತ್ತು. ಇನ್ನು ಉಳಿದದ್ದು ಕಿವಿಯೊಂದೇ. ಕಣ್ಣು ಮುಚ್ಚಿ ಕೂತೆ.

ಮೊದಲನೆಯದು ನುಡಿಯಿತು. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಎಸಳು ಎಸಳಾಗಿ. ಸದ್ದು ಏರಿಸಿದರು, ಆಗಲೂ ಮುಖ ಕೆಡಲಿಲ್ಲ. ಆಮೇಲೆ ಎರಡನೆಯದು. ಮೆಲ್ಲಗಿರುವಾಗ ದಪ್ಪಗೆ ಚೆನ್ನಾಗೇ ಇತ್ತು. ಏರಿಸಿದರು ನೋಡಿ, ಝಿರ್ರ್! ಸದಾಶಿವ ಹೇಳಿದ ತಗಡು ಹರಿಯುವ ಸದ್ದೇ. ಪ್ರತಿ ಸಲ ತಗ್ಗಿನ ತಂತಿ ಮೀಟಿದಾಗಲೂ ಝಿರ್ರ್. ನನಗೆ ಇನ್ನೇನೂ ಬೇಕಿರಲಿಲ್ಲ. ನಾನೇ ದುಪ್ಪಟಿ ಸರಿಸಿಕೊಂಡು ಹೊರಗೆ ಬಂದೆ.

"ಮೊದಲನೇದು. ಅದೇ ನಾದ ಅಂದರೆ. ಎರಡನೇದು ನನಗೆ ಕೊಟ್ಟರೂ ಬೇಡಪ್ಪ. ಅದನ್ನ ಯಾರಿಗಾದರೂ ಕೊಟ್ಟು ಕಳಿಸು, ಮನೇಲಿ ಇಟ್ಟುಕೊಳ್ಳೋ ವಸ್ತುವಲ್ಲ ಅದು."

ಮಗ ಗಿಟಾರನ್ನು ಕೆಳಗಿಟ್ಟು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಮೊದಲನೆಯದು ಟ್ರಾನ್ಸಿಸ್ಟರ್ ಎಂದ. ಆದರೆ ಸೋತ ಸದಾಶಿವ ಸುಮ್ಮನಾಗಲಿಲ್ಲ. ಪೆಟ್ಟಿಗೆ ಸಿಕ್ಕಿತೆಂಬ ಸಂತೋಷಕ್ಕಿಂತ ವಾಲ್ವಿನ ಮಾನ ಅವನಿಗೆ ದೊಡ್ಡದಾಗಿತ್ತು. ವಾಲ್ವು ಯಾವತ್ತೂ ಹೀಗೆ ಝಿರ್ರ್ ಎನ್ನುವುದಿಲ್ಲ, ಏನೋ ಸಡಿಲವಾಗಿದೆ ಎನ್ನುತ್ತ ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ಹಿಂದಕ್ಕೆ ಬಗ್ಗಿದ. ಸದಾಶಿವಾ, ಮೊದಲು ಕಾಫಿ ಕುಡಿ ಬಾಪ್ಪ ಎಂದೆ. ಅವನು ಬಗ್ಗಿದವನು ಏಳಲಿಲ್ಲ. ಪೆಟ್ಟಿಗೆಯ ಹಿಂದಿನಿಂದಲೇ ಅವನ ದನಿ ಕೇಳಿಸಿತು.

"ವೆಂಕಟೂ, ನಿನ್ನ ಒಂದು ವಾಲ್ವು ಉಬ್ಬಿಬಿಟ್ಟಿದೆ ಕಣೋ. ಉಪ್ಪು ಹಾಕಿ ಒಲೆ ಮೇಲಿಡೋದೊಂದೇ ಬಾಕಿ."

ಹಿಟ್ಟು ಬಾಯಿಯವರೆಗೆ ಬಂದು ಮುಚ್ಚಳವನ್ನು ಎತ್ತಿ ಹಿಡಿದಿತ್ತು. ಝಿರ್ರ್ ಎಂದದ್ದು ಆ ಮುಚ್ಚಳ. ನಾನು ದಿನಾ ಎರಡು ಸಲ ತೊಳೆಯುವ ನನ್ನದೇ ಮುಚ್ಚಳದ ದನಿ ನನಗೆ ಗುರುತಾಗಲಿಲ್ಲ. (ಸಾಸಿವೆಯ ಸದ್ದಿನಲ್ಲಿ ಎಣ್ಣೆ ಗುರುತಿಸುವವಳಂತೆ!) ಮಗ ಪಾತ್ರೆಯನ್ನು ಮೂಸಿದ, ಪೆಟ್ಟಿಗೆಯನ್ನು ಮೂಸಿದ, ಸತ್ತ ವಾಲ್ವುಗಳನ್ನು ನೆನೆಸಿಕೊಂಡವನ ಹಾಗೆ ಮಾಡಿನ ಕಡೆ ನೋಡಿದ. ಆಕಾಶದ ಕಣ ಎಣಿಸುವವನಿಗೆ ಅಂತೂ ಕೊನೆಗೆ ಮನೆಯೊಳಗಿನದೊಂದು ಕಾಣಿಸಿತು. ಸುಮಿತ್ರಾ ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತಿದ್ದಳು.

"ಅತ್ತೆ," ಎಂದಳು ಮೆಲ್ಲಗೆ, "ಕೈಗುಣ ಸ್ವಿಚ್ ಹಾಕಿದರೆ ಬರುತ್ತಾ?"

ನಾನು ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಮಗನೇ, ಝಿರ್ರ್ ಎಂದದ್ದು ವಾಲ್ವಲ್ಲ, ಮುಚ್ಚಳ. ಪರೀಕ್ಷೆ ಇನ್ನೊಮ್ಮೆ ಆಗಲಿ ಎಂದು ಒಳಗಿನಿಂದಲೇ ನ್ಯಾಯ ಕೇಳಿ ನೋಡಿದೆ. ಎರಡನೆಯದನ್ನು ಬಯ್ದದ್ದು ಮುಚ್ಚಳದಿಂದ ಇರಬಹುದು, ಮೊದಲನೆಯದನ್ನು ಹೊಗಳಿದ್ದು ನಿನ್ನ ಕಿವಿಯೇ ತಾನೇ ಎಂದುಬಿಟ್ಟ ಅವನು. ಹೊಗಳಿದ್ದು ನಿಜ, ಚೆನ್ನಾಗಿದ್ದದ್ದೂ ನಿಜ.

ಆ ರಾತ್ರಿಯ ಇಡ್ಲಿ ಹಿಂದೆಂದೂ ಆಗದಷ್ಟು ಮೆತ್ತಗಾಗಿತ್ತು. ಸದಾಶಿವ ತಿನ್ನುತ್ತ ತಿನ್ನುತ್ತಲೇ ಪಾತ್ರೆಯನ್ನು ಯಾವ ಮೂಲೆಗಿಡಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ಎಲ್ಲವನ್ನೂ ಕೇಳಿ ತಿಳಿದುಕೊಂಡ. ಆಮೇಲೆ ಪೆಟ್ಟಿಗೆಗೆ ನನ್ನದೇ ಹಳೆಯ ಸೀರೆ ಸುತ್ತಿ, ಬಾಣಂತಿಯನ್ನು ಕರೆದೊಯ್ಯುವಷ್ಟು ಜೋಪಾನವಾಗಿ ರೈಲಿಗೆ ಒಯ್ದ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬರೋಡಾದ ಅಲ್ಕಾಪುರಿಯಲ್ಲಿ ಕನ್ನಡದವರೆಲ್ಲ ಸೇರಿ ಊಟ ಇಟ್ಟುಕೊಂಡಿದ್ದರು. ವೆಂಕಟಾಚಲ ಹೊಸ ಪೆಟ್ಟಿಗೆಯಲ್ಲಿ ನುಡಿಸಿದ. ನಡುವೆ ಕರೆಂಟ್ ಹೋದಾಗಲೂ ಸೆಲ್ಲಿನ ಮೇಲೆ ನಿಲ್ಲಿಸದೆ ನುಡಿಸಿದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. ಸದಾಶಿವನ ಹೆಂಡತಿ ಪ್ರೇಮಾ ಇಡ್ಲಿ ಮಾಡಿ ತಂದಿದ್ದಳು. ಮುಟ್ಟಿದರೆ ಬೆರಳು ಒಳಗಿಳಿಯುವ ಹಾಗಿತ್ತು. ಎಲ್ಲರೂ ಮುರಿದು ಮುರಿದು ನೋಡಿ ಒಂದೇ ಮಾತು ಹೇಳಿದರು, ನಾನು ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಅವಳು ಓಡಿಬಂದು ನನಗೆ ನಮಸ್ಕಾರ ಮಾಡಿ, ಎಲ್ಲಾ ನಿಮ್ಮ ಆಶೀರ್ವಾದ ಅಮ್ಮಾವ್ರೇ ಎಂದಳು. ನಾನು ತಂದಿದ್ದ ಇಡ್ಲಿಯ ಡಬ್ಬಿ ಮುಚ್ಚಳ ತೆಗೆಯದ ಹಾಗೇ ಮನೆಗೆ ವಾಪಸಾಯಿತು. ಅದನ್ನು ಮುರಿದು ಉಪ್ಪಿಟ್ಟು ಮಾಡಿಕೊಂಡು ತಿಂದೆವು.

ನಿನ್ನೆ ಸಂಜೆ ಮತ್ತೆ ರುಬ್ಬಲು ಕೂತೆ. ನಡುಮನೆಯಲ್ಲಿ ಮಗ ನುಡಿಸುತ್ತಿದ್ದ. ಗುಂಯ್ ಇಲ್ಲ, ಒಂದೊಂದು ಸ್ವರವೂ ಎಸಳು ಎಸಳಾಗಿ ಬರುತ್ತಿತ್ತು. ಕೇಳಲು ಎಷ್ಟು ಚೆನ್ನಾಗಿತ್ತೆಂದರೆ ನನಗೆ ಇನ್ನಷ್ಟು ಸಿಟ್ಟು ಬಂತು. ಹಿಟ್ಟನ್ನು ಕಲ್ಲಿನಿಂದ ಬಳಿದು ಪಾತ್ರೆಗೆ ತುಂಬಿ, ಉಪ್ಪು ಹಾಕಿ ಕೈಯಿಂದ ಕದಡಿದೆ. ಸುಮಿತ್ರಾ ಮುಚ್ಚಳ ತಂದುಕೊಟ್ಟಳು.

"ಕೈಗುಣವನ್ನ ಇವತ್ತು ಎಲ್ಲಿಡೋಣ ಅತ್ತೆ?"

ಮಗನ ಉಣ್ಣೆಯ ಸ್ವೆಟರನ್ನು ಗೂಟದಿಂದ ತೆಗೆದು ಪಾತ್ರೆಗೆ ತೊಡಿಸಿ, ಎರಡು ತೋಳುಗಳನ್ನೂ ಮುಂದಕ್ಕೆ ತಂದು ಗಂಟು ಹಾಕಿ, ಆರುತ್ತಿದ್ದ ಇದ್ದಿಲ ಒಲೆಯ ಮಗ್ಗುಲಿಗೆ ಸರಿಸಿಟ್ಟೆ. ಆಮೇಲೆ ರುಬ್ಬುಗುಂಡು ಎತ್ತಿ ನಿಲ್ಲಿಸಿ, ಕಲ್ಲಿಗೆ ನೀರು ಹುಯ್ದು ತೊಳೆಯತೊಡಗಿದೆ.