ಬಡ್ತಿಗೊಂದು ರಂಗಪೂಜೆ

ಸರಕಾರವು ವಿಶ್ವವಿದ್ಯಾಲಯದ ನೌಕರರೆಲ್ಲರ ಸಂಬಳ ಏರದಂತೆ ತಡೆಹಿಡಿದದ್ದು ತಮ್ಮೊಬ್ಬರ ತಪ್ಪಿನಿಂದಲೇ ಎಂದು ಪುಂಡರೀಕಾಕ್ಷ ರಾಯರಿಗೆ ಖಾತ್ರಿಯಾಗಿತ್ತು. (ಮಂತ್ರಿಗಳಿಗೆ ಈ ಸಂಗತಿ ತಿಳಿದಿರಲಿಲ್ಲ, ಅಷ್ಟೆ.)

ನಡೆದದ್ದು ಇಷ್ಟು. ವಿಶ್ವವಿದ್ಯಾಲಯದ ಠಾಣೆ ಶಹರದ ಕಚೇರಿಯಲ್ಲಿ ಹಿರಿಯ ಗುಮಾಸ್ತರಾಗಿದ್ದ ರಾಯರು, ಸೂಪರಿಂಟೆಂಡೆಂಟ್ ಹುದ್ದೆಗೆ ಬಡ್ತಿ ಸಿಕ್ಕಿದರೆ ವಾಶಿಯ ದೇವಸ್ಥಾನದ ಗಣಪತಿಗೆ ರಂಗಪೂಜೆ ಮಾಡಿಸುವುದಾಗಿ ಹರಕೆ ಹೇಳಿಕೊಂಡಿದ್ದರು. ಬಡ್ತಿಯ ಆದೇಶವೇನೋ ಬಂತು. ಆದರೆ ರಾಯರು, "ಹೊಸ ಸಂಬಳ ಕೈಗೆ ಬರಲಿ" ಎಂದು ದೇವರನ್ನು ಕಾಯಿಸಿದರು. ಅಷ್ಟರಲ್ಲಿ ಸರಕಾರದ ಸುತ್ತೋಲೆ ಬಂದಿತು: ಬಡ್ತಿ, ಏರಿಕೆ ಎಲ್ಲವೂ ಮುಂದಿನ ಆದೇಶದವರೆಗೆ ಸ್ಥಗಿತ! ಎಲ್ಲ ಕಾಲೇಜುಗಳಲ್ಲೂ ಇದು ತಪ್ಪದೆ ಪಾಲನೆಯಾಗಿದೆ ಎಂದು ವರದಿ ಕಳಿಸುವ ಘನಕಾರ್ಯ ಬಿದ್ದದ್ದೂ ರಾಯರ ತಲೆಗೇ. ತಮ್ಮ ಬಡ್ತಿಯ ಆದೇಶದ ಮೇಲೆ "ಜಾರಿಗೊಳಿಸತಕ್ಕದ್ದಲ್ಲ" ಎಂದು ತಾವೇ ದುಂಡಗೆ ಬರೆದು, ಪಕ್ಕದ ಮೇಜಿನ ಮುರಾರಿಯ ಹತ್ತಿರ ಒಂದು ಲೋಟ ನೀರು ಕೇಳಿದರು.

ಡೊಂಬಿವಲಿಯಲ್ಲಿ ಅವರ ಮನೆ ಮೂರನೆಯ ಮಹಡಿಯಲ್ಲಿ, ಲಿಫ್ಟಿಲ್ಲ. ಬಡ್ತಿ ಬಂದೊಡನೆ ಖಾರ್ಘರಿನಲ್ಲಿ ಲಿಫ್ಟಿರುವ ಮನೆ ಹಿಡಿಯುವುದು ರಾಯರ ಮೊಣಕಾಲುಗಳ ಬಹುಕಾಲದ ಬೇಡಿಕೆ. ಆ ಸಂಜೆ ಮೆಟ್ಟಿಲುಗಳನ್ನು ದೇವರೇ ಬೇಕೆಂದು ಎತ್ತರಿಸಿಟ್ಟಂತೆ ಕಂಡಿತು.

"ನನ್ನಿಂದಾಗಿ ಎಷ್ಟು ಸಂಸಾರಗಳಿಗೆ ಏಟು ಬಿತ್ತೋ, ಶ್ರೀಮತೀ!" ಎಂದು ಕುಸಿದು ಕುಳಿತರು. (ಶ್ರೀಮತಿ ಎಂಬುದು ಅವರ ಹೆಂಡತಿಯ ಹೆಸರೂ ಹೌದು, ಹುದ್ದೆಯೂ ಹೌದು. ಆ ಹುದ್ದೆಯ ಅಧಿಕಾರವನ್ನು ತಡೆಹಿಡಿಯುವ ಸುತ್ತೋಲೆ ಇನ್ನೂ ಹೊರಟಿಲ್ಲ.)

ಎಲ್ಲವನ್ನೂ ಕೇಳಿದ ಶ್ರೀಮತಿ ಬೈಯಲಿಲ್ಲ. "ಪಾಪ!" ಎಂದು ಒಳಗೆ ಹೋಗಿ ಬಿಸಿ ಗೋಳಿಬಜೆ ತಂದಿಟ್ಟಳು. ಕೇಳದೆಯೇ ಗೋಳಿಬಜೆ ಬಂದದ್ದನ್ನು ಕಂಡು ರಾಯರ ಭಯ ಇಮ್ಮಡಿಸಿತು.

ಅಂದಿನಿಂದ ನೆಮ್ಮದಿ ಹಾರಿಹೋಯಿತು. ಮುಂಬ್ರಾದ ಹತ್ತಿರ ಲೋಕಲ್ ರೈಲು ನಿಂತರೆ ದೇವರ ಕೋಪ. ಚಟ್ನಿಗೆ ಉಪ್ಪು ಹೆಚ್ಚಾದರೆ ದೇವರ ಕೋಪ. ಕಚೇರಿಯಲ್ಲಿ ಮುರಾರಿ, "ಯಾರ ಶಾಪವೋ ಏನೋ!" ಎಂದು ನಿಟ್ಟುಸಿರಿಟ್ಟಾಗ ರಾಯರು ಎದ್ದು ಹೊರಗೆ ಹೋದರು. ಕೊನೆಗೆ, ತಪ್ಪುಕಾಣಿಕೆ ಹಾಕಿ ಬರೋಣವೆಂದು ಒಂದು ಭಾನುವಾರ ವಾಶಿಗೆ ಹೊರಟರು. ಶ್ರೀಮತಿ ತಾನೂ ಬರುವೆನೆಂದಳು. ಮಗಳು ಅಕ್ಷಯಾಳನ್ನೂ ಹೊರಡಿಸಿದಳು. ಹೊರಡುವ ಮುನ್ನ ಯಾರಿಗೋ ಫೋನು ಕೂಡ ಮಾಡಿದಳು.

ಅರ್ಚಕ ಕಿಟ್ಟಣ್ಣ ಭಟ್ಟರು ಬಾಗಿಲಲ್ಲೇ ನಿಂತಿದ್ದರು. "ಬನ್ನಿ ರಾಯರೇ, ತಕ್ಕಡಿ ಕಟ್ಟಿ ಆಯ್ತು. ಕೂತ್ಕೊಳ್ಳಿ."

"ತಕ್ಕಡಿಯಾ? ನಂದು ರಂಗಪೂಜೆ ಅಲ್ವಾ ಭಟ್ರೇ? ತಡ ಮಾಡಿದೆ ಅಂತ ದೇವರಿಗೆ ಸಿಟ್ಟು..."

"ನಿಮಗೆ ಫಲವೇ ಕೈಗೆ ಸಿಗಲಿಲ್ಲ ಅಲ್ವಾ, ಎಂತದು ಸಿಟ್ಟು? ಇದು ನಿಮ್ಮ ಮನೆಯಮ್ಮನ ಹರಕೆ. ನಿಮ್ಮ ಬಡ್ತಿ ನಿಂತರೆ ನಿಮ್ಮ ತೂಕದಷ್ಟು ಬೆಲ್ಲ ಅಂತ. ನಿಂತಿತಲ್ಲ!"

ರಾಯರು ಹೆಂಡತಿಯ ಕಡೆ ತಿರುಗಿದರು. ಶ್ರೀಮತಿ ಸೆರಗು ಸರಿಮಾಡಿಕೊಂಡಳು.

"ಮತ್ತೆಂತ ಮಾಡುದು ಮಾರಾಯ್ರೆ? ಖಾರ್ಘರಿಗೆ ಹೋದ್ರೆ ನನ್ನ ಭಜನಾ ಮಂಡಳಿ ಗತಿ ಎಂತದು? ಪತ್ರೊಡೆಗೆ ಕೆಸುವಿನ ಎಲೆ ಅಲ್ಲಿ ಯಾರು ತೆಗೆದಿಡ್ತಾರೆ?"

"ಅದಕ್ಕೆ ಇಡೀ ವಿಶ್ವವಿದ್ಯಾಲಯದ ಸಂಬಳ ನಿಲ್ಲಿಸಿದ್ಯಾ?"

"ನಾನು ಕೇಳಿದ್ದು ನಿಮ್ಮದೊಂದೇ. ಉಳಿದದ್ದು ಸರ್ಕಾರ ಸೇರಿಸಿದ್ದು."

ದೇವರೆದುರು ವಾದ ಮಾಡುವಂತಿಲ್ಲ. ರಾಯರು ತಕ್ಕಡಿಯಲ್ಲಿ ಕುಳಿತರು. ಭಟ್ಟರು ಬೆಲ್ಲದ ಅಚ್ಚುಗಳನ್ನು ಒಂದರ ಮೇಲೊಂದು ಪೇರಿಸಿದರು. ರಾಯರ ತಟ್ಟೆ ನೆಲ ಬಿಡಲೊಲ್ಲದು. (ಗೋಳಿಬಜೆಗೂ ಒಂದು ಲೆಕ್ಕವಿದೆಯಲ್ಲ!) ಅಕ್ಷಯಾಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

"ಪಪ್ಪಾ, ವೆಯ್ಟ್ ಪೆ ಫ್ರೀಜ್ ನಹೀ ಲಗಾ ಕ್ಯಾ?" ಎಂದಳು. (ತೂಕದ ಏರಿಕೆಗೆ ಮಾತ್ರ ಸ್ಥಗಿತ ಬೀಳಲಿಲ್ಲವೇ ಎಂದು ಅದರ ಅರ್ಥ.)

ಕೊನೆಗೂ ತಟ್ಟೆ ಮೇಲೆದ್ದಿತು. ಆ ವರ್ಷ ರಾಯರಿಗೆ ಸಿಕ್ಕಿದ ಏರಿಕೆ ಅದೊಂದೇ. ಮುರಾರಿಗೆ ಈ ಸಂಗತಿ ತಿಳಿದರೆ ಗತಿಯೇನೆಂದು ನೆನೆದು ಬೆವರೊರೆಸಿಕೊಳ್ಳುತ್ತಿದ್ದಾಗ, ಎದುರಿಗೆ ಶ್ರೀಮತಿ ಮತ್ತೆ ಕಣ್ಣು ಮುಚ್ಚಿ, ಕೈ ಮುಗಿದು ತುಟಿಯಾಡಿಸುವುದು ಕಂಡಿತು.

"ಏ, ಈಗ ಮತ್ತೆ ಎಂತ ಹೇಳಿಕೊಳ್ತಿದ್ದೀ?"

"ಸರ್ಕಾರ ಈ ಫ್ರೀಜನ್ನು ಎಂದಾದರೂ ತೆಗೀತದಲ್ವಾ?" ಎಂದಳು ಶ್ರೀಮತಿ, ಕಣ್ಣು ತೆರೆಯದೆ. "ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು. ನೀವು ಅಲುಗಾಡಬೇಡಿ, ತಕ್ಕಡಿ ತಪ್ಪುತ್ತದೆ."